ಜರಡಿಯ ಮೇಲಿನ ಗುರಿ: ಡೇವಿಡ್ ಸಾಲಂಟ್ ಮತ್ತು ಒಂದು ಮೂತ್ರಪಿಂಡ ರೋಗದ ಮೂಲ

ಬೆಳಿಗ್ಗೆ ಏಳುವಾಗ ಕಣ್ಣಿನ ಸುತ್ತ ಬಾವು, ಸಂಜೆಯ ಹೊತ್ತಿಗೆ ಪಾದಗಳಲ್ಲಿ ಬಾವು, ಬೆರಳಿನಿಂದ ಒತ್ತಿದರೆ ಹಾಗೆಯೇ ಉಳಿಯುವ ಕುಳಿ, ಮೂತ್ರದಲ್ಲಿ ಬೇಗ ಆರದ ನೊರೆ. ಇವು ಯಾವುವೂ ನೋವು ಕೊಡುವ ಲಕ್ಷಣಗಳಲ್ಲವಾದ್ದರಿಂದ ಅನೇಕರು ವಾರಗಟ್ಟಲೆ ಇವನ್ನು ಗಮನಿಸದೆ ಕಳೆಯುತ್ತಾರೆ. ಆರೋಗ್ಯವಂತರ ಮೂತ್ರದಲ್ಲಿ ದಿನಕ್ಕೆ 150 ಮಿಲಿಗ್ರಾಂ ಮೀರದ ಪ್ರೋಟೀನು 3.5 ಗ್ರಾಂ ದಾಟಿ, ರಕ್ತದಲ್ಲಿನ ಆಲ್ಬುಮಿನ್ ಎಂಬ ಪ್ರೋಟೀನು ಕುಸಿದು, ಮೈ ಬಾತುಕೊಂಡರೆ ವೈದ್ಯರು ಅದನ್ನು ನೆಫ್ರೋಟಿಕ್ ಸಿಂಡ್ರೋಮ್ ಎಂದು ಕರೆಯುತ್ತಾರೆ. ಇದು ರೋಗದ ಹೆಸರಲ್ಲ, ಲಕ್ಷಣಗಳ ಗುಂಪಿನ ಹೆಸರು. ಇದರ ಹಿಂದೆ ಹಲವು ರೋಗಗಳಿರಬಹುದು. ಸಕ್ಕರೆ ಕಾಯಿಲೆ ಇಲ್ಲದ ವಯಸ್ಕರಲ್ಲಿ ಹೀಗಾಗಲು ಇರುವ ಮುಖ್ಯ ಕಾರಣಗಳಲ್ಲೊಂದು ಮೆಂಬ್ರೇನಸ್ ನೆಫ್ರೋಪಥಿ. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಮೂತ್ರಪಿಂಡದ ಜರಡಿಯ ಮೇಲೆ ತಿರುಗಿಬೀಳುವುದರಿಂದ ಇದು ಬರುತ್ತದೆ ಎಂಬುದು ಬಹಳ ಹಿಂದೆಯೇ ತಿಳಿದಿತ್ತು. ಆದರೆ ಆ ಜರಡಿಯಲ್ಲಿ ಅದು ಯಾವುದನ್ನು ಗುರಿಯಾಗಿಸಿಕೊಂಡಿದೆ ಎಂಬ ಪ್ರಶ್ನೆಗೆ ಉತ್ತರ ಸಿಗಲು, ಇಲಿಗಳಲ್ಲಿ ಇದೇ ರೋಗವನ್ನು ಉಂಟುಮಾಡಿದ ದಿನದಿಂದ ಲೆಕ್ಕ ಹಾಕಿದರೆ, ಸರಿಯಾಗಿ 50 ವರ್ಷ ಬೇಕಾಯಿತು. ಆ ಅವಧಿಯ ಮೂರು ದಶಕಗಳನ್ನು ಇದೊಂದೇ ಪ್ರಶ್ನೆಯ ಸುತ್ತ ಕಳೆದ ಸಂಶೋಧಕರಲ್ಲಿ ದಕ್ಷಿಣ ಆಫ್ರಿಕಾದಿಂದ ಅಮೆರಿಕದ ಬಾಸ್ಟನ್ ನಗರಕ್ಕೆ ಬಂದು ನೆಲೆಸಿದ ವೈದ್ಯ ಡೇವಿಡ್ ಸಾಲಂಟ್ ಪ್ರಮುಖರು.

ಜರಡಿಯ ರಚನೆಯನ್ನು ಅರಿಯದೆ ಮುಂದಿನ ಮಾತು ಸ್ಪಷ್ಟವಾಗದು. ಒಂದೊಂದು ಮೂತ್ರಪಿಂಡದಲ್ಲೂ ಸುಮಾರು ಹತ್ತು ಲಕ್ಷ ಸೋಸುವ ಘಟಕಗಳಿರುತ್ತವೆ. ಪ್ರತಿ ಘಟಕದ ತುದಿಯಲ್ಲಿ ಗ್ಲೊಮೆರುಲಸ್ ಎಂಬ, ನೂಲಿನುಂಡೆಯಂತೆ ಸುತ್ತಿಕೊಂಡ ಅತಿ ಸೂಕ್ಷ್ಮ ರಕ್ತನಾಳಗಳ ಗಂಟು ಇರುತ್ತದೆ. ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವ ಈ ಗಂಟುಗಳ ಮೂಲಕ ಸೋಸಿಹೋಗುತ್ತದೆ. ಅದರಲ್ಲಿ ಬಹುಪಾಲು ಮತ್ತೆ ದೇಹಕ್ಕೇ ಹೀರಲ್ಪಟ್ಟು, ಒಂದೂವರೆ ಲೀಟರಿನಷ್ಟು ಮಾತ್ರ ಮೂತ್ರವಾಗಿ ಉಳಿಯುತ್ತದೆ. ಸೋಸುವ ಗೋಡೆಗೆ ಮೂರು ಪದರ. ರಕ್ತದ ಕಡೆಗೆ ರಂಧ್ರಗಳಿರುವ ಜೀವಕೋಶಗಳ ತೆಳು ಹಾಸು, ನಡುವೆ ಆಧಾರ ಪೊರೆ, ಮೂತ್ರದ ಕಡೆಗೆ ಪೋಡೊಸೈಟ್ ಎಂಬ ವಿಶಿಷ್ಟ ಜೀವಕೋಶಗಳು. ಈ ಪೋಡೊಸೈಟ್‌ಗಳು ಆಲದ ಬಿಳಲುಗಳಂತೆ ಕಾಲುಗಳನ್ನು ಇಳಿಬಿಟ್ಟು ಪೊರೆಯನ್ನು ತಬ್ಬಿಕೊಂಡಿರುತ್ತವೆ; ಅಕ್ಕಪಕ್ಕದ ಜೀವಕೋಶಗಳ ಕಾಲುಗಳು ಒಂದರೊಳಗೊಂದು ಹೆಣೆದುಕೊಂಡು, ನಡುವೆ ಉಳಿದ ಸೀಳುಗಳು ನೀರನ್ನು ಬಿಟ್ಟು ಪ್ರೋಟೀನನ್ನು ತಡೆಯುತ್ತವೆ. ವಯಸ್ಕರಲ್ಲಿ ಪೋಡೊಸೈಟ್‌ಗಳು ವಿಭಜನೆಯಾಗಿ ಹೆಚ್ಚಿಕೊಳ್ಳುವುದು ಇಲ್ಲವೆನ್ನುವಷ್ಟು ಕಡಿಮೆ. ಚರ್ಮಕ್ಕೆ ಗಾಯವಾದರೆ ಹೊಸ ಚರ್ಮ ಬರುವಂತೆ ಇಲ್ಲಿ ಬರುವುದಿಲ್ಲ ಎಂಬುದೇ ಈ ರೋಗವನ್ನು ಗಂಭೀರವಾಗಿಸುವ ಸಂಗತಿ.

1957ರಲ್ಲಿ ಅಮೆರಿಕದ ರೋಗಶಾಸ್ತ್ರಜ್ಞ ಡೇವಿಡ್ ಜೋನ್ಸ್ ಬೆಳ್ಳಿಯ ಲವಣದಿಂದ ಬಣ್ಣ ಕಟ್ಟುವ ವಿಧಾನ ಬಳಸಿ ಇಂಥ ರೋಗಿಗಳ ಮೂತ್ರಪಿಂಡದ ತುಣುಕುಗಳನ್ನು ಪರೀಕ್ಷಿಸಿದಾಗ, ಆಧಾರ ಪೊರೆಯಿಂದ ಹೊರಕ್ಕೆ ಮುಳ್ಳುಗಳಂತೆ ಚಾಚಿದ ರಚನೆಗಳು ಕಂಡವು. ಪೊರೆಯ ಹೊರಮೈಯಲ್ಲಿ, ಪೋಡೊಸೈಟ್‌ನ ಕಾಲುಗಳ ಅಡಿಯಲ್ಲಿ, ಏನೋ ಶೇಖರವಾಗಿತ್ತು. ಪೊರೆ ಅದರ ಸುತ್ತ ಬೆಳೆದು ದಪ್ಪವಾಗಿತ್ತು. ರೋಗಕ್ಕೆ ಪೊರೆಯ ಹೆಸರು ಬಂದದ್ದು ಹೀಗೆ. ಆ ಶೇಖರದಲ್ಲಿ ಇರುವುದು ಪ್ರತಿಕಾಯಗಳು, ಅಂದರೆ ಸೋಂಕಿನ ವಿರುದ್ಧ ದೇಹ ತಯಾರಿಸಿಕೊಳ್ಳುವ ಪ್ರೋಟೀನುಗಳು, ಎಂಬುದು ಹೊಳೆಯುವ ಬಣ್ಣಗಳ ಸೂಕ್ಷ್ಮದರ್ಶಕ ಪರೀಕ್ಷೆಯಿಂದ ಸ್ಪಷ್ಟವಾಯಿತು. ಪ್ರತಿಕಾಯ ಇದ್ದಲ್ಲಿ ಅದು ಕಚ್ಚಿಕೊಳ್ಳುವ ಪ್ರತಿಜನಕವೂ ಇರಲೇಬೇಕು. ಅದು ಯಾವುದು?

1959ರಲ್ಲಿ ಕ್ಲೀವ್‌ಲ್ಯಾಂಡ್‌ನ ಮಕ್ಕಳ ವೈದ್ಯ ವಾಲ್ಟರ್ ಹೇಮನ್ ಮತ್ತು ಸಂಗಡಿಗರು ಇಲಿಗಳ ಮೂತ್ರಪಿಂಡವನ್ನು ಅರೆದು, ರೋಗನಿರೋಧಕ ಪ್ರತಿಕ್ರಿಯೆಯನ್ನು ಕೆರಳಿಸುವ ದ್ರವ್ಯದೊಡನೆ ಬೆರೆಸಿ, ಬೇರೆ ಇಲಿಗಳಿಗೆ ಚುಚ್ಚಿದರು. ಆ ಇಲಿಗಳ ಮೂತ್ರದಲ್ಲಿ ಪ್ರೋಟೀನು ಹೋಗತೊಡಗಿತು, ಅವುಗಳ ಜರಡಿಯ ಹೊರಮೈಯಲ್ಲಿ ಮನುಷ್ಯರಲ್ಲಿ ಕಂಡಂಥದೇ ಶೇಖರ ಕಾಣಿಸಿಕೊಂಡಿತು. ಮಾದರಿ ಸಿಕ್ಕಿತು, ಅರ್ಥ ಮಾತ್ರ ತಪ್ಪಾಯಿತು. ಆ ಕಾಲದ ಬಲವಾದ ನಂಬಿಕೆಯ ಪ್ರಕಾರ ಪ್ರತಿಕಾಯ ಮತ್ತು ಪ್ರತಿಜನಕಗಳು ರಕ್ತದಲ್ಲೇ ಒಂದಕ್ಕೊಂದು ಅಂಟಿ ಗಂಟುಗಳಾಗುತ್ತವೆ, ಆ ಗಂಟುಗಳು ರಕ್ತದೊಡನೆ ತೇಲಿ ಬಂದು ಮೂತ್ರಪಿಂಡದಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ಹಿಟ್ಟು ಕೆಳಗಿಳಿದ ಮೇಲೆ ಜರಡಿಯಲ್ಲಿ ಹೊಟ್ಟು ಉಳಿಯುವ ಹಾಗೆ. ಮೊಲಗಳಿಗೆ ಅನ್ಯ ಪ್ರೋಟೀನನ್ನು ಮತ್ತೆ ಮತ್ತೆ ಚುಚ್ಚಿ ಮಾಡಿದ ಪ್ರಯೋಗಗಳು ಈ ವಿಚಾರಕ್ಕೆ ಪುಷ್ಟಿ ಕೊಟ್ಟಿದ್ದವು, ಮತ್ತು ಬೇರೆ ಕೆಲವು ಮೂತ್ರಪಿಂಡ ರೋಗಗಳಿಗೆ ಅದು ಒಪ್ಪುತ್ತಲೂ ಇತ್ತು. ಈ ವಿವರಣೆಯಲ್ಲಿ ಮೂತ್ರಪಿಂಡಕ್ಕೆ ತನ್ನದೇ ಆದ ಪಾತ್ರವಿಲ್ಲ. ಬೇರೆಲ್ಲೋ ನಡೆದ ಜಗಳದ ಕಸ ಬಂದು ಬೀಳುವ ತಾಣ ಅದು, ಅಷ್ಟೇ.

1978ರಲ್ಲಿ ಈ ನಂಬಿಕೆ ಎರಡು ಕಡೆಯಿಂದ ಅಲುಗಾಡಿತು. ಹಾಲೆಂಡಿನ ವಾನ್ ಡಾಮೆ ಮತ್ತು ಸಂಗಡಿಗರು ಒಂದು ಕಡೆ, ಬಾಸ್ಟನ್‌ನಲ್ಲಿ ವಿಲಿಯಂ ಕೌಸರ್ ಅವರ ತಂಡ ಇನ್ನೊಂದು ಕಡೆ. ಸಾಲಂಟ್ ಈ ಎರಡನೆಯ ತಂಡದಲ್ಲಿದ್ದರು. ಅವರು ಇಲಿಯ ಮೂತ್ರಪಿಂಡವನ್ನು ದೇಹದಿಂದ ಬೇರ್ಪಡಿಸಿ, ಅದರ ನಾಳಗಳಲ್ಲಿದ್ದ ರಕ್ತವನ್ನೆಲ್ಲ ತೆಗೆದು, ಬರಿಯ ಪ್ರತಿಕಾಯವಿದ್ದ ದ್ರವವನ್ನು ಅದರ ಮೂಲಕ ಹರಿಸಿದರು. ಆ ದ್ರವದಲ್ಲಿ ಪ್ರತಿಜನಕವಿಲ್ಲ. ಹಾಗಾಗಿ ತೇಲಿ ಬರುವ ಗಂಟುಗಳಿಗೆ ಅವಕಾಶವೇ ಇಲ್ಲ. ಆದರೂ ಜರಡಿಯ ಹೊರಮೈಯಲ್ಲಿ ಅದೇ ಶೇಖರ ಮೂಡಿತು. ಅಂದರೆ ಪ್ರತಿಜನಕ ಹೊರಗಿನಿಂದ ಬಂದದ್ದಲ್ಲ, ಮೂತ್ರಪಿಂಡದ ಜರಡಿಯಲ್ಲೇ ಮೊದಲಿನಿಂದ ಇದ್ದದ್ದು. ಪ್ರತಿಕಾಯ ಅದನ್ನು ಹುಡುಕಿಕೊಂಡು ಬಂದು, ಇದ್ದಲ್ಲಿಯೇ ಕಚ್ಚಿಕೊಂಡಿತ್ತು. ನನ್ನ ದೃಷ್ಟಿಯಲ್ಲಿ ಇಡೀ ಕಥೆಯ ತಿರುವು ಇದೇ. ಮುಂದಿನ ಮೂವತ್ತು ವರ್ಷಗಳ ಹುಡುಕಾಟಕ್ಕೆ ಎಲ್ಲಿ ಹುಡುಕಬೇಕೆಂಬ ವಿಳಾಸ ಸಿಕ್ಕಿದ್ದು ಈ ಪ್ರಯೋಗದಿಂದ.

ಎರಡು ವರ್ಷಗಳ ನಂತರ ಸಾಲಂಟ್ ಮತ್ತೊಂದು ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಪ್ರತಿಕಾಯ ಕುಳಿತ ಮಾತ್ರಕ್ಕೆ ಜರಡಿ ಏಕೆ ಸೋರಬೇಕು? ಪ್ರತಿಕಾಯ ಕುಳಿತ ಕಡೆಗೆ ಬಿಳಿ ರಕ್ತಕಣಗಳು ನುಗ್ಗಿ ಬಂದು ಅಂಗಾಂಶವನ್ನು ಹಾಳುಮಾಡುವುದು ಸಾಮಾನ್ಯ. ಆದರೆ ಮೆಂಬ್ರೇನಸ್ ನೆಫ್ರೋಪಥಿಯಲ್ಲಿ ಅಂಥ ಕಣಗಳ ದಟ್ಟಣೆಯೇ ಇರುವುದಿಲ್ಲ. ರಕ್ತದಲ್ಲಿ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳ ಸರಣಿಯೊಂದಿದೆ. ಒಂದು ಪ್ರೋಟೀನು ಮುಂದಿನದನ್ನು ಎಬ್ಬಿಸುತ್ತಾ ಹೋಗಿ, ಕೊನೆಗೆ ಶತ್ರು ಜೀವಕೋಶದ ಹೊರಪೊರೆಗೆ ರಂಧ್ರ ಕೊರೆಯುವ ಒಂದು ಕೂಟ ಸಿದ್ಧವಾಗುತ್ತದೆ. ನಾಗರಹಾವಿನ ವಿಷದಲ್ಲಿ ಈ ಸರಣಿಯನ್ನು ಬರಿದು ಮಾಡಬಲ್ಲ ಘಟಕವೊಂದಿದೆ. ಅದನ್ನು ಕೊಟ್ಟು ಇಲಿಗಳಲ್ಲಿ ಕಾಂಪ್ಲಿಮೆಂಟ್ ಇಲ್ಲದಂತೆ ಮಾಡಿದಾಗ, ಪ್ರತಿಕಾಯಗಳು ಜರಡಿಯಲ್ಲಿ ಕುಳಿತರೂ ಮೂತ್ರದಲ್ಲಿ ಪ್ರೋಟೀನು ಹೋಗಲಿಲ್ಲ. ಬಿಳಿ ರಕ್ತಕಣಗಳನ್ನು ಕಡಿಮೆ ಮಾಡಿದ ಇಲಿಗಳಲ್ಲಿ ಸೋರಿಕೆ ನಿಲ್ಲಲಿಲ್ಲ. ಬ್ಯಾಕ್ಟೀರಿಯಾಗಳನ್ನು ಕೊಲ್ಲಲೆಂದು ಇರುವ ಅಸ್ತ್ರ ನೇರವಾಗಿ ಪೋಡೊಸೈಟ್‌ಗಳ ಮೇಲೆ ಪ್ರಯೋಗವಾಗುತ್ತಿದೆ ಎಂಬುದು ಹೀಗೆ ಖಚಿತವಾಯಿತು. ಆ ಜೀವಕೋಶಗಳು ಸಾಯುವುದಿಲ್ಲ, ಆದರೆ ಹೆಣೆದುಕೊಂಡಿದ್ದ ಕಾಲುಗಳು ಚಪ್ಪಟೆಯಾಗಿ ಸೋಸುವ ಸೀಳುಗಳು ಕೆಡುತ್ತವೆ.

ಇಲಿಯಲ್ಲಿ ಗುರಿಯಾಗಿದ್ದ ಪ್ರೋಟೀನನ್ನು 1982ರಲ್ಲಿ ಡೋಂಚೊ ಕೆರ್ಯಾಶ್ಕಿ ಮತ್ತು ಮೆರಿಲಿನ್ ಫಾರ್ಕ್ಹರ್ ಗುರುತಿಸಿದರು. ಇಂದು ಅದಕ್ಕೆ ಮೆಗಾಲಿನ್ ಎಂಬ ಹೆಸರಿದೆ. ಇನ್ನೇನು ಮನುಷ್ಯರ ರೋಗವೂ ಬಿಡಿಸಿಬಿಟ್ಟ ಒಗಟು ಎಂದುಕೊಳ್ಳುವಷ್ಟರಲ್ಲಿ ನಿರಾಶೆ ಎದುರಾಯಿತು: ಇಲಿಯ ಪೋಡೊಸೈಟ್‌ಗಳಲ್ಲಿರುವ ಮೆಗಾಲಿನ್ ಮನುಷ್ಯರ ಜರಡಿಯಲ್ಲಿ ಕಾಣುವುದೇ ಇಲ್ಲ. ವಿಧಾನ ಗೊತ್ತಿದೆ, ಜಾಗ ಗೊತ್ತಿದೆ, ಗುರಿಯ ಹೆಸರು ಮಾತ್ರ ಇಲ್ಲ. ಆ ಸ್ಥಿತಿಯಲ್ಲೇ ಮತ್ತೆ ಇಪ್ಪತ್ತು ವರ್ಷ ಕಳೆದವು.

ಮನುಷ್ಯರಲ್ಲೂ ಇದೇ ಬಗೆಯ ಘಟನೆ ನಡೆಯುತ್ತದೆ ಎಂಬುದಕ್ಕೆ ಮೊದಲ ಪುರಾವೆ ಬಂದದ್ದು ಪ್ಯಾರಿಸ್‌ನಿಂದ, ಒಂದು ನವಜಾತ ಶಿಶುವಿನ ರೂಪದಲ್ಲಿ. ಹಾನ್ನಾ ಡೆಬಿಯೆಕ್ ಮತ್ತು ಪಿಯರ್ ರೊಂಕೊ 2002ರಲ್ಲಿ ವರದಿ ಮಾಡಿದ ಆ ಗಂಡುಮಗು ಮೆಂಬ್ರೇನಸ್ ನೆಫ್ರೋಪಥಿಯೊಂದಿಗೇ ಹುಟ್ಟಿತ್ತು. ತಾಯಿಗೆ ಮಾತ್ರ ಮೂತ್ರಪಿಂಡದ ತೊಂದರೆ ಇರಲಿಲ್ಲ. ಹುಡುಕುತ್ತಾ ಹೋದಾಗ ತಿಳಿದುಬಂದದ್ದೇನೆಂದರೆ, ಪೋಡೊಸೈಟ್‌ಗಳ ಮೇಲೆ ಸಾಮಾನ್ಯವಾಗಿ ಇರುವ ನ್ಯೂಟ್ರಲ್ ಎಂಡೊಪೆಪ್ಟಿಡೇಸ್ ಎಂಬ ಪ್ರೋಟೀನು ಜೀನ್‌ನ ದೋಷದಿಂದಾಗಿ ತಾಯಿಯ ದೇಹದಲ್ಲಿ ಹುಟ್ಟಿನಿಂದಲೇ ಇರಲಿಲ್ಲ. ಭ್ರೂಣದಲ್ಲಿ ಅದಿತ್ತು. ತಾಯಿಯ ರೋಗನಿರೋಧಕ ವ್ಯವಸ್ಥೆ ಅದನ್ನು ಪರಕೀಯವೆಂದು ತಿಳಿದು ಪ್ರತಿಕಾಯ ತಯಾರಿಸಿತು, ಅವು ಮಾಸುಚೀಲವನ್ನು ದಾಟಿ ಮಗುವಿನ ಮೂತ್ರಪಿಂಡವನ್ನು ಸೇರಿದವು. ತಾಯಿಯಿಂದ ಬಂದ ಪ್ರತಿಕಾಯಗಳು ಮಗುವಿನ ರಕ್ತದಿಂದ ಕ್ರಮೇಣ ಕಣ್ಮರೆಯಾಗುವುದರಿಂದ ಅದರ ಮೂತ್ರದ ಪ್ರೋಟೀನೂ ಇಳಿಯುತ್ತಾ ಬಂತು. ಈ ಪ್ರಕರಣ ಬಹಳ ಅಪರೂಪದ್ದು. ಸಾಮಾನ್ಯ ರೋಗಿಗಳಲ್ಲಿ ಈ ಪ್ರೋಟೀನಿನ ವಿರುದ್ಧ ಪ್ರತಿಕಾಯಗಳು ಇರುವುದಿಲ್ಲ. ಆದರೂ, ಬಾಸ್ಟನ್‌ನ ಇಲಿಗಳಲ್ಲಿ ಕಂಡದ್ದು ಇಲಿಗಳಿಗಷ್ಟೇ ಸೀಮಿತವಲ್ಲ ಎಂಬುದನ್ನು ಇದು ತೋರಿಸಿಕೊಟ್ಟಿತು.

ಅಷ್ಟರಲ್ಲಿ ಸಾಲಂಟ್ ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ ತಮ್ಮದೇ ಪ್ರಯೋಗಾಲಯವನ್ನು ನಡೆಸುತ್ತಿದ್ದರು, ಲಾರೆನ್ಸ್ ಬೆಕ್ ಎಂಬ ಯುವ ವೈದ್ಯ ಅವರೊಡನೆ ಕೆಲಸ ಮಾಡುತ್ತಿದ್ದರು. ಅವರು ಅನುಸರಿಸಿದ್ದು ಹೊಸ ವಿಧಾನವೇನಲ್ಲ, ಎಲ್ಲ ಪ್ರಯೋಗಾಲಯಗಳಲ್ಲೂ ದಿನನಿತ್ಯ ಬಳಸುವ ವೆಸ್ಟರ್ನ್ ಬ್ಲಾಟ್. ಕಸಿ ಮಾಡಲು ಯೋಗ್ಯವಲ್ಲವೆಂದು ಬಿಟ್ಟ ದಾನಿಗಳ ಮೂತ್ರಪಿಂಡಗಳಿಂದ ಗ್ಲೊಮೆರುಲಸ್‌ಗಳನ್ನು ಬೇರ್ಪಡಿಸಿ, ಅವುಗಳ ಪ್ರೋಟೀನುಗಳನ್ನು ತೆಗೆದು, ಜೆಲ್‌ನಲ್ಲಿ ವಿದ್ಯುತ್ ಹರಿಸಿ ಗಾತ್ರಕ್ಕೆ ತಕ್ಕಂತೆ ಪಟ್ಟೆಪಟ್ಟೆಯಾಗಿ ಬಿಡಿಸಿ, ಅವುಗಳ ಮೇಲೆ ರೋಗಿಯ ರಕ್ತದ ಸೀರಂ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವ, ಸುರಿಯುವುದು. ಸೀರಂನಲ್ಲಿರುವ ಪ್ರತಿಕಾಯ ಯಾವ ಪಟ್ಟೆಗೆ ಅಂಟಿಕೊಳ್ಳುತ್ತದೋ ಅದೇ ಗುರಿ.

ಇಷ್ಟು ಸರಳವಾದದ್ದು ಬೇರೆಯವರಿಗೆ ಏಕೆ ಸಿಗಲಿಲ್ಲ ಎಂಬ ಪ್ರಶ್ನೆ ಸಹಜ. ಉತ್ತರ ಒಂದು ರಾಸಾಯನಿಕದಲ್ಲಿದೆ. ಪ್ರೋಟೀನೆಂದರೆ ಉದ್ದನೆಯ ಸರ. ಅದು ಮಡಚಿಕೊಂಡು ಒಂದು ಆಕಾರ ತಾಳುತ್ತದೆ, ಆ ಮಡಿಕೆಗಳು ಬಿಚ್ಚದಂತೆ ಅಲ್ಲಲ್ಲಿ ಗಂಧಕದ ಎರಡು ಪರಮಾಣುಗಳ ನಡುವಿನ ಬಂಧಗಳು ಹೊಲಿಗೆ ಹಾಕಿದಂತೆ ಹಿಡಿದಿರುತ್ತವೆ. ವೆಸ್ಟರ್ನ್ ಬ್ಲಾಟ್ ಮಾಡುವಾಗ ಪ್ರೋಟೀನು ನೀಟಾಗಿ ಬಿಚ್ಚಿಕೊಳ್ಳಲೆಂದು ಈ ಹೊಲಿಗೆಗಳನ್ನು ಕತ್ತರಿಸುವ ರಾಸಾಯನಿಕವನ್ನು ಸೇರಿಸುವುದು ವಾಡಿಕೆ. ಬೆಕ್ ಮತ್ತು ಸಾಲಂಟ್ ಅದನ್ನು ಸೇರಿಸದೆ ಪರೀಕ್ಷೆ ಮಾಡಿದರು. ಹಲವು ರೋಗಿಗಳ ಸೀರಂ ಒಂದೇ ಜಾಗದಲ್ಲಿ, ಸುಮಾರು 185 ಕಿಲೋಡಾಲ್ಟನ್ ತೂಕದ ಪಟ್ಟೆಗೆ, ಅಂಟಿಕೊಂಡಿತು. ಕತ್ತರಿಸುವ ರಾಸಾಯನಿಕವನ್ನು ಸೇರಿಸಿದ ಕೂಡಲೇ ಆ ಪಟ್ಟೆ ಮಾಯವಾಯಿತು. ರೋಗಿಯ ಪ್ರತಿಕಾಯಗಳು ಗುರುತಿಸುತ್ತಿದ್ದದ್ದು ಸರದ ಮಣಿಗಳನ್ನಲ್ಲ, ಮಡಚಿಕೊಂಡ ಆಕಾರವನ್ನು. ಪರೀಕ್ಷೆಯನ್ನು ಶುದ್ಧವಾಗಿ ಮಾಡುವ ಭರದಲ್ಲಿ ಗುರಿಯನ್ನೇ ಅಳಿಸಿಹಾಕಿದಂತೆ ಆಗುತ್ತಿತ್ತು. ಪ್ರಯೋಗಾಲಯದ ಕೈಪಿಡಿಯನ್ನು ಚಾಚೂ ತಪ್ಪದೆ ಪಾಲಿಸುವುದೇ ಅಡ್ಡಿಯಾದ ಪ್ರಸಂಗ ಇದು.

ಆ ಪಟ್ಟೆಯಲ್ಲಿದ್ದದ್ದು ಎಂ-ಮಾದರಿಯ ಫಾಸ್ಫೊಲೈಪೇಸ್ ಎ2 ಗ್ರಾಹಕ ಎಂಬ ಪ್ರೋಟೀನು ಎಂದು, ಅಣುಗಳ ತೂಕ ಅಳೆದು ಅವುಗಳನ್ನು ಗುರುತಿಸುವ ಮಾಸ್ ಸ್ಪೆಕ್ಟ್ರೊಮೆಟ್ರಿಯಿಂದ ಪತ್ತೆಹಚ್ಚಲಾಯಿತು. ವೈದ್ಯರ ಬಾಯಲ್ಲಿ ಅದು ಪಿಎಲ್‌ಎ2ಆರ್. 2009ರ ಜುಲೈನಲ್ಲಿ ಪ್ರಕಟವಾದ ವರದಿಯ ಪ್ರಕಾರ, ಬೇರೆ ಯಾವ ಕಾರಣವೂ ಗೊತ್ತಿಲ್ಲದ 37 ರೋಗಿಗಳಲ್ಲಿ 26 ಮಂದಿಯ ರಕ್ತದಲ್ಲಿ, ಅಂದರೆ ಶೇಕಡ 70ರಷ್ಟು ಜನರಲ್ಲಿ, ಇದರ ವಿರುದ್ಧ ಪ್ರತಿಕಾಯಗಳಿದ್ದವು. ರೋಗನಿರೋಧಕ ವ್ಯವಸ್ಥೆ ದೇಹದ ಹಲವು ಅಂಗಗಳ ಮೇಲೆ ಎರಗುವ ಲೂಪಸ್ ಅಥವಾ ಯಕೃತ್ತಿನ ಸೋಂಕಾದ ಹೆಪಟೈಟಿಸ್ ಬಿ ಕಾರಣದಿಂದ ಇದೇ ರೋಗ ಬಂದವರಲ್ಲಿ, ಬೇರೆ ಮೂತ್ರಪಿಂಡ ರೋಗಗಳಿದ್ದವರಲ್ಲಿ, ಆರೋಗ್ಯವಂತರಲ್ಲಿ ಅವು ಕಾಣಲಿಲ್ಲ. ರಕ್ತದಲ್ಲಿದ್ದ ಮಾತ್ರಕ್ಕೆ ಅದೇ ರೋಗಕಾರಕ ಎನ್ನಲಾಗದಾದ್ದರಿಂದ, ಬಯಾಪ್ಸಿಯಲ್ಲಿ, ಅಂದರೆ ಪರೀಕ್ಷೆಗೆಂದು ರೋಗಿಗಳ ಮೂತ್ರಪಿಂಡದಿಂದ ತೆಗೆದ ತುಣುಕುಗಳಲ್ಲಿ, ಶೇಖರವಾಗಿದ್ದ ಪ್ರತಿಕಾಯಗಳನ್ನೂ ಬಿಡಿಸಿ ತೆಗೆದು ಪರೀಕ್ಷಿಸಿದರು. ಅವೂ ಪಿಎಲ್‌ಎ2ಆರ್ ಅನ್ನೇ ಗುರುತಿಸಿದವು. ಎರಡು ವರ್ಷಗಳ ನಂತರ ಯೂರೋಪಿನ ರೋಗಿಗಳ ವಂಶವಾಹಿ ಅಧ್ಯಯನ ನಡೆದಾಗ, ಇಡೀ ಜೀನೋಮಿನಲ್ಲಿ ಎದ್ದು ಕಂಡದ್ದು ಎರಡೇ ತಾಣಗಳು. ಒಂದು, ಪ್ರತಿಜನಕದ ತುಣುಕುಗಳನ್ನು ರೋಗನಿರೋಧಕ ಕಣಗಳಿಗೆ ತೋರಿಸುವ ಎಚ್‌ಎಲ್‌ಎ ಜೀನ್. ಇನ್ನೊಂದು, ಪಿಎಲ್‌ಎ2ಆರ್ ಜೀನೇ. ಎರಡರಲ್ಲೂ ಅಪಾಯಕಾರಿ ರೂಪವನ್ನು ತಂದೆತಾಯಿ ಇಬ್ಬರಿಂದಲೂ ಪಡೆದವರಲ್ಲಿ ರೋಗದ ಸಂಭವ ಸುಮಾರು 78 ಪಟ್ಟು ಹೆಚ್ಚಿತ್ತು. ತೋರಿಸುವವನು ಮತ್ತು ತೋರಿಸಲ್ಪಡುವ ವಸ್ತು, ಎರಡರ ಹೊಂದಾಣಿಕೆಯಲ್ಲೇ ಎಡವಟ್ಟಿದೆ ಎಂಬುದನ್ನು ಜೀನ್‌ಗಳು ಸ್ವತಂತ್ರವಾಗಿ ಹೇಳಿದಂತಾಯಿತು.

ಈ ಪತ್ತೆಯ ಫಲ ರೋಗಿಗಳಿಗೆ ತಲುಪಿದ್ದು ಅಸಾಮಾನ್ಯ ವೇಗದಲ್ಲಿ. ಮೊದಲು ಈ ರೋಗವನ್ನು ಖಚಿತಪಡಿಸಿಕೊಳ್ಳಲು ಬೆನ್ನಿನ ಕಡೆಯಿಂದ ಸೂಜಿ ಹಾಕಿ ಮೂತ್ರಪಿಂಡದ ತುಣುಕು ತೆಗೆಯುವುದೊಂದೇ ದಾರಿಯಾಗಿತ್ತು. ಈಗ ಮೂತ್ರಪಿಂಡದ ಕೆಲಸ ಸರಿಯಾಗಿದ್ದು, ನೆಫ್ರೋಟಿಕ್ ಲಕ್ಷಣಗಳಿದ್ದು, ರಕ್ತದಲ್ಲಿ ಈ ಪ್ರತಿಕಾಯ ಇರುವುದು ದೃಢಪಟ್ಟರೆ ಬಯಾಪ್ಸಿ ಕಡ್ಡಾಯವಲ್ಲ ಎಂದು 2021ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಅದಕ್ಕಿಂತ ಮುಖ್ಯವಾದದ್ದು ಚಿಕಿತ್ಸೆಯ ನಿರ್ಧಾರ. ಈ ರೋಗಕ್ಕೆ ಒಂದು ವಿಚಿತ್ರ ಸ್ವಭಾವವಿದೆ: ಸುಮಾರು ಮೂರನೇ ಒಂದು ಭಾಗ ರೋಗಿಗಳು ಔಷಧವಿಲ್ಲದೆಯೇ ಗುಣವಾಗುತ್ತಾರೆ, ಇನ್ನೊಂದು ಭಾಗದವರಲ್ಲಿ ಪ್ರೋಟೀನು ಸೋರಿಕೆ ಹಾಗೆಯೇ ಮುಂದುವರಿಯುತ್ತದೆ, ಉಳಿದವರ ಮೂತ್ರಪಿಂಡಗಳು ವರ್ಷಗಳು ಕಳೆದಂತೆ ಸೋತುಹೋಗುತ್ತವೆ. ಯಾರು ಯಾವ ಗುಂಪು ಎಂಬುದು ಆರಂಭದಲ್ಲಿ ತಿಳಿಯುತ್ತಿರಲಿಲ್ಲ. ಪ್ರತಿಕಾಯದ ಪ್ರಮಾಣ ಈಗ ಅದಕ್ಕೊಂದು ಅಳತೆಗೋಲು ಒದಗಿಸಿದೆ. ಪ್ರಮಾಣ ತಾನಾಗಿಯೇ ಇಳಿಯುತ್ತಿದ್ದರೆ ಕಾಯಬಹುದು, ಏರುತ್ತಿದ್ದರೆ ಕಾಯುವುದು ಅಪಾಯ. ಚಿಕಿತ್ಸೆ ಫಲಿಸಿದಾಗಲೂ ಮೊದಲು ಇಳಿಯುವುದು ರಕ್ತದ ಪ್ರತಿಕಾಯ. ಮೂತ್ರದ ಪ್ರೋಟೀನು ತಿಂಗಳುಗಳ ನಂತರ ಅದನ್ನು ಹಿಂಬಾಲಿಸುತ್ತದೆ, ಏಕೆಂದರೆ ಕೆಟ್ಟ ಜರಡಿ ದುರಸ್ತಿಯಾಗಲು ಸಮಯ ಬೇಕು. ಇದು ತಿಳಿಯದಿದ್ದಾಗ, ಒಳಗೊಳಗೇ ಗುಣವಾಗುತ್ತಿದ್ದ ರೋಗಿಗೂ ಔಷಧ ಸಾಲದೆಂದು ತಿಳಿದು ವಿಷಕಾರಿ ಔಷಧಗಳನ್ನು ಮುಂದುವರಿಸುವ ಸಂಭವವಿತ್ತು.

ಔಷಧಗಳ ಮಟ್ಟಿಗೆ ಹೇಳುವುದಾದರೆ, ಒಂದು ತಿಂಗಳು ಸ್ಟೀರಾಯ್ಡ್, ಮರುತಿಂಗಳು ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಸೈಕ್ಲೊಫಾಸ್ಫಮೈಡ್ ಎಂಬಂತೆ ಕೊಡುವ ಹಳೆಯ ಕ್ರಮವನ್ನು ಭಾರತದಲ್ಲಿ ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆ ಹತ್ತು ವರ್ಷಗಳ ಕಾಲ ರೋಗಿಗಳನ್ನು ಗಮನಿಸಿ ಪರೀಕ್ಷಿಸಿತು, 2007ರಲ್ಲಿ ಪ್ರಕಟವಾದ ಅದರ ಫಲಿತಾಂಶ ಆ ಕ್ರಮದ ಪರವಾಗಿಯೇ ಇತ್ತು. ಆದರೆ ಸೈಕ್ಲೊಫಾಸ್ಫಮೈಡ್ ಸೋಂಕು, ಬಂಜೆತನ, ಮುಂದೆ ಕ್ಯಾನ್ಸರ್‌ನ ಭಯವನ್ನೂ ಜೊತೆಗೆ ತರುತ್ತದೆ. ಪ್ರತಿಕಾಯ ತಯಾರಿಸುವ ಬಿ ಜೀವಕೋಶಗಳನ್ನಷ್ಟೇ ಅಳಿಸುವ ರಿಟುಕ್ಸಿಮ್ಯಾಬ್ 130 ರೋಗಿಗಳ ಅಧ್ಯಯನವೊಂದರಲ್ಲಿ ಎರಡು ವರ್ಷಗಳ ಕೊನೆಗೆ ಶೇಕಡ 60 ಮಂದಿಯಲ್ಲಿ ರೋಗವನ್ನು ಹತೋಟಿಯಲ್ಲಿರಿಸಿತು. ಹೋಲಿಕೆಗೆ ಬಳಸಿದ ಸೈಕ್ಲೊಸ್ಪೋರಿನ್‌ನಲ್ಲಿ ಅದು ಶೇಕಡ 20 ಮಾತ್ರ. 2019ರ ಈ ಫಲಿತಾಂಶ, ಗುರಿ ಯಾವುದೇ ಇರಲಿ ಪ್ರತಿಕಾಯದ ಕಾರ್ಖಾನೆಯನ್ನು ಮುಚ್ಚಿದರೆ ಜರಡಿ ಚೇತರಿಸಿಕೊಳ್ಳಬಲ್ಲದು ಎಂಬ ತರ್ಕಕ್ಕೆ ಬಲ ಕೊಟ್ಟಿತು.

ಉಳಿದ ಶೇಕಡ 30ರಷ್ಟು ರೋಗಿಗಳ ಗುರಿ ಯಾವುದು ಎಂಬ ಪ್ರಶ್ನೆಗೆ ಉತ್ತರಗಳು ಒಂದೊಂದಾಗಿ ಬಂದವು. 2014ರಲ್ಲಿ ಬಾಸ್ಟನ್, ಹ್ಯಾಂಬರ್ಗ್ ಮತ್ತು ಫ್ರಾನ್ಸಿನ ತಂಡಗಳು ಒಟ್ಟಾಗಿ ಟಿಎಚ್‌ಎಸ್‌ಡಿ7ಎ ಎಂಬ ಎರಡನೆಯ ಪ್ರತಿಜನಕವನ್ನು ಪತ್ತೆಹಚ್ಚಿದವು. ಆಮೇಲೆ ಮೇಯೋ ಕ್ಲಿನಿಕ್‌ನ ಸಂಜೀವ್ ಸೇಠಿ ಮತ್ತು ಸಂಗಡಿಗರು ಲೇಸರ್‌ನಿಂದ ಬಯಾಪ್ಸಿಯ ಗ್ಲೊಮೆರುಲಸ್‌ಗಳನ್ನಷ್ಟೇ ಕತ್ತರಿಸಿ ತೆಗೆದು ಅವುಗಳ ಪ್ರೋಟೀನುಗಳನ್ನು ನೇರವಾಗಿ ಎಣಿಸುವ ಕ್ರಮದಿಂದ ಇನ್ನೂ ಹಲವನ್ನು ಗುರುತಿಸಿದರು. ಅವುಗಳಲ್ಲಿ ನೆಲ್-1 ಎಂಬ ಪ್ರೋಟೀನು ನಮಗೆ ತೀರ ಹತ್ತಿರದ್ದು. ಅಮೆರಿಕದಲ್ಲಿ ಅದು ಕೆಲವರಲ್ಲಿ ಕ್ಯಾನ್ಸರ್ ಜೊತೆಗೆ ಕಂಡುಬಂದರೆ, ದಕ್ಷಿಣ ಭಾರತದಲ್ಲಿ ಅದು ಪಾದರಸದ ಜಾಡನ್ನು ತೋರಿಸಿತು. ಚೆನ್ನೈನ ರೋಗಶಾಸ್ತ್ರಜ್ಞರು 2022ರಲ್ಲಿ ವರದಿ ಮಾಡಿದಂತೆ, ನೆಲ್-1 ಬಗೆಯ ರೋಗ ಬಂದವರಲ್ಲಿ ಅನೇಕರು ದೇಶೀ ಔಷಧಗಳನ್ನು ಸೇವಿಸಿದ್ದರು, ಪರೀಕ್ಷಿಸಿದ ಔಷಧಗಳಲ್ಲಿ ಪಾದರಸವಿತ್ತು. ಕೇರಳದ ಮಲಪ್ಪುರಂ ಜಿಲ್ಲೆಯ ವೈದ್ಯರು 2021ರಿಂದ 2023ರ ನಡುವೆ ನೋಡಿದ 22 ಮೆಂಬ್ರೇನಸ್ ನೆಫ್ರೋಪಥಿ ರೋಗಿಗಳಲ್ಲಿ 15 ಮಂದಿಯದು ನೆಲ್-1 ಬಗೆಯದಾಗಿತ್ತು, ಆ 15ರಲ್ಲಿ 13 ಮಂದಿ ಮುಖ ಬೆಳ್ಳಗಾಗಲು ಕ್ರೀಮ್ ಹಚ್ಚಿಕೊಳ್ಳುತ್ತಿದ್ದರು. ಪಾದರಸ ಚರ್ಮದ ಬಣ್ಣ ತಯಾರಾಗುವುದನ್ನು ತಡೆಯುತ್ತದೆ, ಹಾಗಾಗಿಯೇ ಅದನ್ನು ಬೆರೆಸುತ್ತಾರೆ. ಚರ್ಮದ ಮೂಲಕ ಅದು ರಕ್ತಕ್ಕೂ ಇಳಿಯುತ್ತದೆ. ಇಂಥ ರೋಗಿಗಳಲ್ಲಿ ಅನೇಕರಿಗೆ ಆ ಕ್ರೀಮ್ ಅಥವಾ ಔಷಧವನ್ನು ನಿಲ್ಲಿಸಿದ್ದೇ ಮುಖ್ಯ ಚಿಕಿತ್ಸೆಯಾಯಿತು. ಬಾವು ಬಂದು ಆಸ್ಪತ್ರೆಗೆ ಹೋದ ಕನ್ನಡಿಗರೂ ತಾವು ಹಚ್ಚಿಕೊಳ್ಳುವ, ನುಂಗುವ ಎಲ್ಲವನ್ನೂ ಸಂಕೋಚವಿಲ್ಲದೆ ವೈದ್ಯರಿಗೆ ಹೇಳಬೇಕಾದದ್ದು ಈ ಕಾರಣಕ್ಕೆ. ಗುರಿಯ ಹೆಸರು ತಿಳಿಯದ ಕಾಲದಲ್ಲಿ ಇವರೆಲ್ಲರೂ ಒಂದೇ ರೋಗದವರೆಂದು ಎಣಿಸಲ್ಪಟ್ಟು, ಒಂದೇ ಬಗೆಯ ಕಠಿಣ ಔಷಧಕ್ಕೆ ಒಳಗಾಗುತ್ತಿದ್ದರು.

ಸಾಲಂಟ್ ಅವರನ್ನು ಆರಂಭದಿಂದ ಕಾಡಿದ ಕಾಂಪ್ಲಿಮೆಂಟ್ ಪ್ರಶ್ನೆಗೆ ಮರಳಿ ಬಂದರೆ, ಪಿಎಲ್‌ಎ2ಆರ್ ಪತ್ತೆಯಾದ ಮೇಲೆ ಅದು ಇನ್ನಷ್ಟು ಜಟಿಲವಾಯಿತು. ರೋಗಿಗಳ ಪ್ರತಿಕಾಯಗಳು ಬಹುಪಾಲು ಐಜಿಜಿ4 ಎಂಬ ಉಪವರ್ಗದವು, ಮತ್ತು ಈ ಉಪವರ್ಗ ಕಾಂಪ್ಲಿಮೆಂಟ್ ಸರಣಿಯನ್ನು ಎಬ್ಬಿಸುವುದಿಲ್ಲ ಎಂಬುದು ಪಠ್ಯಪುಸ್ತಕದ ಮಾತು. ಆದರೂ ರೋಗಿಗಳ ಜರಡಿಯಲ್ಲಿ ಕಾಂಪ್ಲಿಮೆಂಟ್ ಕುಳಿತಿರುವುದು ಕಣ್ಣಿಗೆ ಕಾಣುತ್ತದೆ. ಸಾಲಂಟ್ ಭಾಗವಹಿಸಿದ 2021ರ ಅಧ್ಯಯನವೊಂದು ಇದಕ್ಕೆ ವಿವರಣೆ ಕೊಟ್ಟಿತು. ಪ್ರತಿಕಾಯದ ಬುಡದಲ್ಲಿ ಸಕ್ಕರೆಯ ಅಣುಗಳ ಒಂದು ಸಣ್ಣ ಸರ ಅಂಟಿಕೊಂಡಿರುತ್ತದೆ. ರೋಗಿಗಳ ಐಜಿಜಿ4ನಲ್ಲಿ ಆ ಸರದ ಕೊನೆಯ ಗ್ಯಾಲಕ್ಟೋಸ್ ಇಲ್ಲದಿರುವುದರಿಂದ, ಸಕ್ಕರೆಯನ್ನು ಗುರುತಿಸಿ ಕೆಲಸಕ್ಕಿಳಿಯುವ ಲೆಕ್ಟಿನ್ ಎಂಬ ಬೇರೊಂದು ದಾರಿಯಿಂದ ಕಾಂಪ್ಲಿಮೆಂಟ್ ಎಚ್ಚರಗೊಳ್ಳುತ್ತದೆ. ಇಲಿಯ ಪೋಡೊಸೈಟ್‌ಗಳಲ್ಲಿ ಮೆಗಾಲಿನ್ ಇದ್ದು ಮನುಷ್ಯರಲ್ಲಿ ಇಲ್ಲದ ಹಾಗೆ, ಪ್ರಯೋಗಾಲಯದ ಚಿಟ್ಟಿಲಿಗಳ ಪೋಡೊಸೈಟ್‌ಗಳಲ್ಲಿ ಪಿಎಲ್‌ಎ2ಆರ್ ಇರುವುದಿಲ್ಲವಾದ್ದರಿಂದ, ಆ ತಂಡ ಇದನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಮನುಷ್ಯರ ಪೋಡೊಸೈಟ್‌ಗಳ ಮೇಲೆ ರೋಗಿಗಳ ಪ್ರತಿಕಾಯ ಸುರಿದು ತೋರಿಸಬೇಕಾಯಿತು. ಲೆಕ್ಟಿನ್ ದಾರಿಗೆ ತಡೆಹಾಕಿದಾಗ ಆ ಜೀವಕೋಶಗಳು ಹಾನಿಯಿಂದ ಪಾರಾದವು.